ತಲೆಯ ಮೇಲಿನ ಕೂದಲು, ತಲೆಯೊಳಗಿನ ಅಳುಕು



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಮಕ್ಕಳ ವಿದ್ಯಾಭ್ಯಾಸ, ವಿವಾಹದ ದುಂದುವೆಚ್ಚ, ಅತ್ತೆ-ಸೊಸೆಯರ ಹೊಂದಾಣಿಕೆ ಮೊದಲಾದ ವಿಷಯಗಳನ್ನು ಕುರಿತಿರುತ್ತವೆ. ಕಳೆದ ತಿಂಗಳು ಬಂದ ಒಂದು ಪತ್ರ ಮಾತ್ರ ಬೇರೆ ಬಗೆಯದು. ಬರೆದವರು ಬಾಗಲಕೋಟೆ ಜಿಲ್ಲೆಯ ಒಬ್ಬ ಗೃಹಿಣಿ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಆ ತಾಯಿಗೆ ಕಿಮೋಥೆರಪಿಯಿಂದ ತಲೆಗೂದಲು ಪೂರ್ತಿ ಉದುರಿದೆ. ಇನ್ನೆರಡು ತಿಂಗಳಿಗೆ ಮಗನ ಮದುವೆ. "ತಲೆಯ ಮೇಲೆ ಸೆರಗು ಹೊದ್ದು ಕುಳಿತರೆ ಸಾಕು" ಎನ್ನುತ್ತಾರೆ ಪತಿ. "ಜಡೆ ಇರುವ ಉದ್ದ ಕೂದಲಿನ ವಿಗ್ಗು ತರಿಸು, ಬೀಗರಿಗೆ ಗೊತ್ತಾಗಬಾರದು" ಎನ್ನುತ್ತಾರೆ ಅತ್ತೆ. ಆಕೆಗೆ ಮಾತ್ರ ಕುತ್ತಿಗೆಯವರೆಗೆ ಬರುವ, ಪದರು ಪದರಾಗಿ ಕತ್ತರಿಸಿದ, ನೋಡಲು ತುಂಬಿಕೊಂಡಂತಿರುವ ಸಣ್ಣ ವಿಗ್ಗು ಬೇಕೆಂಬ ಆಸೆ. "ಈ ವಯಸ್ಸಿನಲ್ಲಿ, ಈ ರೋಗದಲ್ಲಿ ಇಂಥ ಆಸೆ ಪಡುವುದು ತಪ್ಪೇ? ತಪ್ಪಲ್ಲವಾದರೆ ಹೇಗೆ ಆರಿಸಿಕೊಳ್ಳಬೇಕು?" ಎಂಬುದು ಅವರ ಪ್ರಶ್ನೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿ ಮುಪ್ಪಾದವನನ್ನು ಕೇಶಾಲಂಕಾರದ ವಿಷಯ ಕೇಳಿದರಲ್ಲ ಎಂದು ಯಾರಾದರೂ ನಗಬಹುದು. ಆದರೆ ಈ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವಿದೆ. ಆ ಅನುಭವದಲ್ಲಿ ನನ್ನದೇ ಒಂದು ತಪ್ಪೂ ಇದೆ. ಆದ್ದರಿಂದ ಉತ್ತರಿಸುವ ಧೈರ್ಯ ಮಾಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಗೆ ಇದೇ ಕಾಯಿಲೆ ಬಂದಿತ್ತು. ಮೊದಲ ಔಷಧ ಏರಿಸಿ ಮೂರನೆಯ ವಾರಕ್ಕೆ ದಿಂಬಿನ ತುಂಬ ಕೂದಲು. ನೋಡಲು ಹೋದ ನಾನು ಸಮಾಧಾನ ಹೇಳುವ ಭರದಲ್ಲಿ, "ದೇಹವೇ ಅಶಾಶ್ವತ, ಕೂದಲಿಗೆ ಏಕೆ ಇಷ್ಟು ಚಿಂತೆ?" ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅಣ್ಣಾ, ದೇಹ ಅಶಾಶ್ವತ ಅನ್ನೋದನ್ನ ದವಾಖಾನ್ಯಾಗ ಮಲಗಿದಾಕಿಗೆ ನೀ ಹೇಳಬೇಕೇನು? ಮಂದಿ ಬಂದ್ರ ನನ್ನ ಸಂಗಡ ಮಾತಾಡಲಿ, ನನ್ನ ಬ್ಯಾನಿ ಸಂಗಡ ಬ್ಯಾಡ." ನಲವತ್ತು ವರ್ಷ ಪ್ರವಚನ ಮಾಡಿದವನಿಗೆ ಆ ದಿನ ಉತ್ತರ ತೋಚಲಿಲ್ಲ.

ಪತ್ರ ಬರೆದ ತಾಯಿಯ ಮೊದಲ ಪ್ರಶ್ನೆಗೆ ನನ್ನ ತಂಗಿಯ ಈ ಮಾತೇ ಉತ್ತರ. ವಿಗ್ಗು ಧರಿಸುವುದು ಡಂಭವಲ್ಲ, ವಂಚನೆಯೂ ಅಲ್ಲ. ನಮ್ಮ ಅಜ್ಜಿಯಂದಿರು ಮೋಟು ಜಡೆಗೆ ಚೌರಿ ಸೇರಿಸಿ ಹೆಣೆದುಕೊಳ್ಳುತ್ತಿದ್ದರು. ಅದನ್ನು ಸುಳ್ಳೆಂದು ಯಾರೂ ಕರೆಯಲಿಲ್ಲ. ಹಲ್ಲು ಬಿದ್ದವರು ಕಟ್ಟಿಸಿಕೊಳ್ಳುತ್ತಾರೆ, ಕಣ್ಣು ಮಂಜಾದವರು ಕನ್ನಡಕ ಹಾಕುತ್ತಾರೆ. ಕೂದಲಿನ ವಿಷಯ ಬಂದಾಗ ಮಾತ್ರ, ಅದೂ ಸ್ತ್ರೀಯ ಕೂದಲಿನ ವಿಷಯದಲ್ಲಿ, ನಮಗೆ ಒಮ್ಮೆಲೇ ವೈರಾಗ್ಯ ನೆನಪಾಗುತ್ತದೆ. ಅದೇ ಸ್ತ್ರೀ ಬೋಳುತಲೆಯಲ್ಲಿ ಹೊಸ್ತಿಲು ದಾಟಿದರೆ ನಾವೇ ದೃಷ್ಟಿ ತಪ್ಪಿಸುತ್ತೇವೆ. ಇದು ಯಾವ ನ್ಯಾಯ?

ಗಿಡ್ಡ ಕೂದಲು ಇಂದಿನ ಹುಡುಗಿಯರ ಷೋಕಿ ಎಂಬ ಮಾತೂ ಪೂರ್ತಿ ಸರಿಯಲ್ಲ. ಪ್ರಾಚೀನ ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ 14ನೆಯ ಶತಮಾನದಷ್ಟು ಹಿಂದೆ, ಅಖೆನಾತನ್ ದೊರೆಯ ಕಾಲದಲ್ಲಿ, ರಾಜಮನೆತನದ ಸ್ತ್ರೀಯರು ಪದರು ಪದರಾಗಿ ಜೋಡಿಸಿದ, ಹಿಂದೆ ಕುತ್ತಿಗೆ ಕಾಣುವಂತಿದ್ದ ಗಿಡ್ಡ ವಿಗ್ಗುಗಳನ್ನು ಧರಿಸುತ್ತಿದ್ದರು. 1907ರಲ್ಲಿ ಅಲ್ಲಿನ ರಾಜರ ಕಣಿವೆಯ ಒಂದು ಸಮಾಧಿಯಲ್ಲಿ ದೊರೆತ ಕಲ್ಲಿನ ಭರಣಿಗಳ ಮುಚ್ಚಳದ ಮೇಲೆ ಇಂಥ ವಿಗ್ಗು ಧರಿಸಿದ ಸ್ತ್ರೀಮುಖಗಳನ್ನು ಇಂದಿಗೂ ಕಾಣಬಹುದು. ಬಿಸಿಲಿನ ನಾಡಿನ ಜನ ತಲೆಗೆ ಹಗುರವಾದುದನ್ನು ಆರಿಸಿಕೊಂಡಿದ್ದರೆ ಆಶ್ಚರ್ಯವೇನು? ನಮ್ಮ ಬಾಗಲಕೋಟೆಯ ಬಿಸಿಲೂ ಕಡಿಮೆಯದಲ್ಲ.

ಇನ್ನು ಎರಡನೆಯ ಪ್ರಶ್ನೆ: ಆರಿಸುವುದು ಹೇಗೆ? ಇಲ್ಲಿಯೂ ತಂಗಿಯ ಅನುಭವದಿಂದಲೇ ಆರಂಭಿಸುತ್ತೇನೆ. ಸಂಬಂಧಿಕರೊಬ್ಬರು ಪ್ರೀತಿಯಿಂದ ದೊಡ್ಡ ಊರಿನ ಅಂಗಡಿಯಿಂದ ಬೆನ್ನಿನವರೆಗೆ ಬರುವ ನಿಜಗೂದಲಿನ ವಿಗ್ಗನ್ನು ಬಹಳ ಹಣ ಕೊಟ್ಟು ತಂದರು. ಅಳತೆ ನೋಡಿರಲಿಲ್ಲ, ಹಾಕಿ ನೋಡಿರಲಿಲ್ಲ. ಮನೆಯಲ್ಲಿ ತೊಟ್ಟಿಲು ಶಾಸ್ತ್ರದ ದಿನ ಅದನ್ನು ಧರಿಸಿ ಕುಳಿತ ಆಕೆಗೆ ಒಂದು ಗಂಟೆಯಲ್ಲಿ ತಲೆ ಕಾದು ಬೆವರಿತು. ಕೂದಲಿನ ಭಾರಕ್ಕೆ ವಿಗ್ಗು ಹಿಂದಕ್ಕೆ ಜಾರಿತು. ಕತ್ತಿನ ಬಳಿ ಕುಪ್ಪಸಕ್ಕೆ ಉಜ್ಜಿ ಗಂಟುಗಂಟಾಯಿತು. ಒಳಕೋಣೆಗೆ ಹೋಗಿ ತೆಗೆದಿಟ್ಟವಳು ನೆಂಟರ ಊಟ ಮುಗಿಯುವವರೆಗೆ ಹೊರಗೆ ಬರಲಿಲ್ಲ. ಗುಟ್ಟು ಮುಚ್ಚಲೆಂದು ತಂದ ವಸ್ತುವೇ ಆಕೆಯನ್ನು ಕೋಣೆಯಲ್ಲಿ ಮುಚ್ಚಿಹಾಕಿತು. ಆಮೇಲೆ ಆಕೆ ತಾನೇ ಹೋಗಿ ಆರಿಸಿ ತಂದದ್ದು ಗಿಡ್ಡನೆಯ, ಪದರಿನ ವಿಗ್ಗು. ಜೊತೆಗೆ ಹೋದವನು ನಾನು. ಅಲ್ಲಿ ಕಂಡು ಕೇಳಿ ತಿಳಿದದ್ದನ್ನು, ಅನಂತರ ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, "ತುಂಬಿದಂತೆ ಕಾಣಬೇಕು" ಎಂಬ ಮಾತಿನ ಅರ್ಥವನ್ನು ತಿಳಿಯಬೇಕು. ಹೆಚ್ಚು ಕೂದಲಿದ್ದರೆ ತಲೆ ತುಂಬಿದಂತೆ ಕಾಣುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಪೂರ್ತಿ ನಿಜವಲ್ಲ. ಉದ್ದ ಕೂದಲು ತನ್ನ ಭಾರಕ್ಕೆ ತಾನೇ ಜೋತುಬಿದ್ದು ನೆತ್ತಿಯ ಮೇಲೆ ಚಪ್ಪಟೆಯಾಗುತ್ತದೆ. ಪದರಿನ ಕತ್ತರಿಕೆಯಲ್ಲಿ, ಬ್ಯೂಟಿ ಪಾರ್ಲರಿನವರು ಲೇಯರ್ ಕಟ್ ಎನ್ನುವುದರಲ್ಲಿ, ಮೇಲಿನ ಕೂದಲು ಚಿಕ್ಕದು, ಕೆಳಗಿನದು ಸ್ವಲ್ಪ ಉದ್ದ. ಚಿಕ್ಕ ಕೂದಲು ಹಗುರವಾದ್ದರಿಂದ ಎದ್ದು ನಿಲ್ಲುತ್ತದೆ. ಕೆಳಗಿನ ಪದರು ಅದಕ್ಕೆ ಆಸರೆಯಾಗುತ್ತದೆ. ಹಕ್ಕಿಯ ರೆಕ್ಕೆಯಲ್ಲಿ ಸಣ್ಣ ಗರಿಗಳು ದೊಡ್ಡ ಗರಿಗಳ ಮೇಲೆ ಕುಳಿತಿರುವ ರೀತಿ ಇದು. ಹೀಗೆ ಕೂದಲಿನ ಪ್ರಮಾಣ ಕಡಿಮೆಯಿದ್ದರೂ ನೋಟಕ್ಕೆ ತುಂಬು ಬರುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಅತಿ ದಟ್ಟವಾದ ವಿಗ್ಗನ್ನು ಕೇಳಬೇಡಿ. ದಟ್ಟಣೆಯನ್ನು ಅವರು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. 120ರಿಂದ 130ರಷ್ಟು ಇದ್ದರೆ ಸಹಜವಾಗಿ ಕಾಣುತ್ತದೆ. 150ರ ಮೇಲಾದರೆ ಗಿಡ್ಡ ಕೂದಲು ಶಿರಸ್ತ್ರಾಣ ಇಟ್ಟಂತೆ ತೋರುತ್ತದೆ. ಅನೇಕ ವಿಗ್ಗುಗಳಲ್ಲಿ ನೆತ್ತಿ ಎತ್ತರವಾಗಿ ಕಾಣಲೆಂದು ಬುಡದಲ್ಲಿ ಸುಕ್ಕುಗಟ್ಟಿಸಿದ ಪುಟ್ಟ ಕೂದಲನ್ನು ತುಂಬಿರುತ್ತಾರೆ. ಹೊಸದರಲ್ಲಿ ಅದು ಅತಿಯಾಗಿ ಉಬ್ಬಿದಂತಿದ್ದರೆ ಗಾಬರಿ ಬೇಡ. ಬೆರಳಿನಿಂದ ಮೆಲ್ಲಗೆ ಒತ್ತುತ್ತ ಬಂದರೆ ತಗ್ಗುತ್ತದೆ. ವಿಗ್ಗಿನ ಕೆಲಸ ಬಲ್ಲ ಕೇಶಕರ್ಮಿಯ ಕೈಯಲ್ಲಿ, ಅದನ್ನು ನಿಮ್ಮ ತಲೆಯ ಮೇಲೆ ಇರಿಸಿಯೇ, ಹಲ್ಲುಕತ್ತರಿಯಿಂದ ಅಲ್ಲಲ್ಲಿ ತೆಳುಗೊಳಿಸಿಕೊಳ್ಳುವುದು ಉತ್ತಮ. ಒಂದೇ ಎಚ್ಚರಿಕೆ: ಕತ್ತರಿಸಿದ ವಿಗ್ಗು ಮತ್ತೆ ಬೆಳೆಯುವುದಿಲ್ಲ. ಸ್ವಲ್ಪ ಕತ್ತರಿಸಿ, ಕನ್ನಡಿ ನೋಡಿ, ಮತ್ತೆ ಸ್ವಲ್ಪ ಕತ್ತರಿಸಲು ಹೇಳಿ.

ಎರಡನೆಯದು ಅಳತೆ. ಮುಂದೆ ಕೂದಲು ಆರಂಭವಾಗುವ ಗೆರೆಯಿಂದ ಕಿವಿಗಳ ಮೇಲ್ಗಡೆ ಹಾಯ್ದು ಕುತ್ತಿಗೆಯ ಬುಡದವರೆಗೆ ಟೇಪು ಸುತ್ತಿ ನೋಡಬೇಕು. ಸ್ತ್ರೀಯರಿಗೆಂದು ಮಾಡಿದ ಸಾಮಾನ್ಯ ಅಳತೆಯ ವಿಗ್ಗು ಸುಮಾರು 21.5ರಿಂದ 22.5 ಅಂಗುಲದ ತಲೆಗೆ ಹೊಂದುತ್ತದೆ. ಕೂದಲು ಉದುರಿದ ಮೇಲೆ ಸುತ್ತಳತೆ ಸ್ವಲ್ಪ ಕಡಿಮೆಯಾಗುವುದರಿಂದ ಕತ್ತಿನ ಬಳಿ ಬಿಗಿ ಮಾಡಿಕೊಳ್ಳುವ ಪಟ್ಟಿ ಇರುವುದನ್ನೇ ಕೊಳ್ಳಬೇಕು. ಚಿಕಿತ್ಸೆ ಇನ್ನೂ ಆರಂಭಿಸದ ಸಹೋದರಿಯರಿಗೆ ಒಂದು ಸೂಚನೆ: ಅನೇಕ ಔಷಧಗಳಲ್ಲಿ ಎರಡು-ಮೂರು ವಾರಗಳಲ್ಲೇ ಕೂದಲು ಉದುರತೊಡಗುತ್ತದೆ. ಎಲ್ಲ ಔಷಧಗಳಲ್ಲೂ ಹಾಗಾಗುವುದಿಲ್ಲವಾದ್ದರಿಂದ ಮೊದಲೇ ವೈದ್ಯರನ್ನು ಕೇಳಿ. ಉದುರುವುದೆಂದಾದರೆ ಒಂದು ಎಳೆ ಕೂದಲನ್ನು ಕತ್ತರಿಸಿ ಕಾಗದದಲ್ಲಿ ಮಡಿಸಿಡಿ. ನಿಮ್ಮ ಭಾವಚಿತ್ರವನ್ನೂ ತೆಗೆದಿಡಿ. ಬಣ್ಣ ಹೊಂದಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮೂರನೆಯದು ಒಳಗಿನ ಟೊಪ್ಪಿಗೆ. ಕೂದಲನ್ನು ಸಾಲುಸಾಲಾಗಿ ಪಟ್ಟಿಗಳ ಮೇಲೆ ಯಂತ್ರದಿಂದ ಹೊಲಿದದ್ದು ಅಗ್ಗದ್ದು. ಪಟ್ಟಿಗಳ ನಡುವೆ ಗಾಳಿಯಾಡುತ್ತದೆಯಾದರೂ ಒಳಮೈ ಸ್ವಲ್ಪ ಒರಟು. ತೆಳ್ಳನೆಯ ಬಲೆಬಟ್ಟೆಗೆ ಒಂದೊಂದೇ ಕೂದಲನ್ನು ಕಟ್ಟಿದ್ದು ಮೋನೋಫಿಲಮೆಂಟ್. ಬೈತಲೆ ತೆಗೆದ ಕಡೆ ತಲೆಯ ಚರ್ಮವೇ ಕಂಡಂತಾಗುತ್ತದೆ, ಬೆಲೆಯೂ ಹೆಚ್ಚು. ಹಣೆಯ ಗೆರೆಯಲ್ಲಿ ಮಾತ್ರ ಇಂಥ ಬಲೆ ಇರುವುದನ್ನು ಲೇಸ್ ಫ್ರಂಟ್ ಎನ್ನುತ್ತಾರೆ. ಕೂದಲು ಪೂರ್ತಿ ಹೋದ ತಲೆಯ ಚರ್ಮ ಬಹಳ ಸೂಕ್ಷ್ಮ. ಒಳಮೈ ನಯವಾಗಿರುವುದನ್ನೇ ಆರಿಸಿ, ಅದರ ಕೆಳಗೆ ತೆಳು ಹತ್ತಿಯ ಟೊಪ್ಪಿಗೆ ಹಾಕಿಕೊಳ್ಳಿ. ಮುಂಗೂದಲು ಹಣೆಯ ಗೆರೆಯನ್ನು ಮುಚ್ಚುವಂತಿದ್ದರೆ ದುಬಾರಿ ಲೇಸಿನ ಅಗತ್ಯವೇ ಇಲ್ಲ. ಗಿಡ್ಡ ಪದರಿನ ವಿಗ್ಗಿನ ಒಂದು ದೊಡ್ಡ ಅನುಕೂಲ ಇದು.

ನಾಲ್ಕನೆಯದು ನಿಜಗೂದಲೋ ಕೃತಕ ಎಳೆಯೋ ಎಂಬ ಪ್ರಶ್ನೆ. ನಮ್ಮ ಓಣಿಗಳಲ್ಲಿ "ಕೂದಲು ಕೊಟ್ಟರೆ ಪಾತ್ರೆ" ಎಂದು ಕೂಗುತ್ತ ಬರುವವರನ್ನು ಎಲ್ಲರೂ ಕಂಡಿದ್ದೇವೆ. ಬಾಚಣಿಗೆಯಲ್ಲಿ ಉದುರಿದ ಆ ಕೂದಲಿನ ಉಂಡೆಗಳು ಸೇರುವ ಊರುಗಳಲ್ಲಿ ಕೊಪ್ಪಳದ ಪಕ್ಕದ ಭಾಗ್ಯನಗರವೂ ಒಂದು. ಅಲ್ಲಿ ನಮ್ಮದೇ ಜಿಲ್ಲೆಗಳ ಸ್ತ್ರೀಯರು ದಿನವಿಡೀ ಕುಳಿತು ಸಿಕ್ಕು ಬಿಡಿಸುತ್ತಾರೆ; ಉದ್ದಕ್ಕೆ ತಕ್ಕಂತೆ ವಿಂಗಡಿಸಿದ ಆ ಕೂದಲು ಹೊರದೇಶಗಳಿಗೂ ಹೋಗುತ್ತದೆ. ಇನ್ನೊಂದು ಬಗೆಯದು ತಿರುಮಲದಂಥ ಕ್ಷೇತ್ರಗಳಲ್ಲಿ ಭಕ್ತರು ಮುಡಿಕೊಟ್ಟ ಕೂದಲು. ಇವೆರಡರ ಭೇದವನ್ನು ಕೊಳ್ಳುವವರು ತಿಳಿದಿರಬೇಕು. ಪ್ರತಿ ಕೂದಲಿನ ಹೊರಮೈಯಲ್ಲಿ ಮನೆಯ ಹಂಚಿನಂತೆ ಒಂದರ ಮೇಲೊಂದು ಸೂಕ್ಷ್ಮ ಪದರುಗಳಿರುತ್ತವೆ. ಅವು ಬುಡದಿಂದ ತುದಿಯ ಕಡೆಗೆ ಇಳಿಜಾರು. ಮುಡಿಕೊಟ್ಟ ಕೂದಲನ್ನು ಬುಡ ಒಂದು ಕಡೆ, ತುದಿ ಒಂದು ಕಡೆ ಇರುವಂತೆ ಕಟ್ಟಿಡಬಹುದು. ರೆಮಿ ಎಂದು ವ್ಯಾಪಾರಿಗಳು ಕರೆಯುವುದು ಹೀಗೆ ದಿಕ್ಕು ಕೆಡದ ಕೂದಲನ್ನು. ಬಾಚಣಿಗೆಯ ಕೂದಲಿನಲ್ಲಿ ಬುಡ-ತುದಿ ಬೆರೆತಿರುವುದರಿಂದ ಹಂಚುಗಳು ಎದುರುಬದುರಾಗಿ ಸಿಕ್ಕು ಬೀಳುತ್ತದೆ. ಆಮ್ಲದಲ್ಲಿ ಅದ್ದಿ ಆ ಪದರನ್ನು ತೆಗೆದು, ಸಿಲಿಕೋನ್ ಸವರಿ ಹೊಳಪು ಕೊಟ್ಟಿರುತ್ತಾರೆ. ಕೆಲವು ಸಲ ತೊಳೆದಮೇಲೆ ಹೊಳಪು ಹೋಗಿ ಗಂಟು ಶುರುವಾಗುತ್ತದೆ.

ನಿಜಗೂದಲಿನ ವಿಗ್ಗು ಒಂದು ವರ್ಷ ಅಥವಾ ಹೆಚ್ಚು ಬಾಳುತ್ತದೆ. ಆದರೆ ತೊಳೆದಾಗಲೆಲ್ಲ ಅದರ ಉಬ್ಬು, ತಿರುವುಗಳನ್ನು ಹೊಸದಾಗಿ ತೀಡಬೇಕು. ಕೃತಕ ಎಳೆಯದು ಪ್ರತಿದಿನ ಧರಿಸಿದರೆ ನಾಲ್ಕರಿಂದ ಆರು ತಿಂಗಳು. ಆದರೆ ಕಾರ್ಖಾನೆಯಲ್ಲಿ ಕೊಟ್ಟ ಆಕಾರ ತೊಳೆದರೂ ಉಳಿಯುತ್ತದೆ. ಒಣಗಿಸಿ ಒಮ್ಮೆ ಕೊಡವಿದರೆ ಪದರುಗಳು ತಮ್ಮ ಸ್ಥಾನಕ್ಕೆ ಬರುತ್ತವೆ. ಕಿಮೋ ಮುಗಿದ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಹೊಸ ಕೂದಲು ಮೊಳೆತು, ಮೂರರಿಂದ ಆರು ತಿಂಗಳಲ್ಲಿ ತಲೆಯನ್ನು ಮುಚ್ಚುವಷ್ಟು ಬೆಳೆಯುತ್ತದೆ. ಇಷ್ಟು ಅವಧಿಗೆ, ದಣಿದ ದೇಹಕ್ಕೆ, ಒಳ್ಳೆಯ ಕೃತಕ ಎಳೆಯ ಗಿಡ್ಡ ವಿಗ್ಗೇ ಸಾಕು. ಸಾಲ ಮಾಡಿ ನಿಜಗೂದಲು ಕೊಳ್ಳುವ ಹಣವನ್ನು ಔಷಧಕ್ಕೂ ಹಣ್ಣುಹಂಪಲಿಗೂ ಉಳಿಸಿ.

ಐದನೆಯದು ಮುಖಕ್ಕೆ ಒಪ್ಪುವ ವಿನ್ಯಾಸ. ದುಂಡು ಮುಖದವರಿಗೆ ನೆತ್ತಿಯ ಮೇಲೆ ಎತ್ತರವಿದ್ದು ಕೆನ್ನೆಯ ಬದಿ ಒತ್ತಾಗಿರಬೇಕು. ನೀಳ ಮುಖದವರಿಗೆ ನೆತ್ತಿ ತಗ್ಗಿದ್ದು ಕಿವಿಗಳ ಬಳಿ ತುಂಬಿರಬೇಕು. ಚಿಕಿತ್ಸೆಯಿಂದ ಕೆನ್ನೆ ಬತ್ತಿದವರಿಗೆ ಕೆನ್ನೆಯ ಮೂಳೆಯವರೆಗೆ ಬರುವ ಮೆತ್ತನೆಯ ಪದರು ಮುಖಕ್ಕೆ ಕಳೆ ಕೊಡುತ್ತದೆ. ಬಣ್ಣದಲ್ಲಿ ಕಡುಗಪ್ಪು ಬೇಡ. ಬಿಳಚಿಕೊಂಡ ಮುಖಕ್ಕೆ ಅದು ಒರಟು. ಕಪ್ಪಿಗೆ ಸ್ವಲ್ಪ ಕಂದು ಬೆರೆತದ್ದು, ಐವತ್ತು ಸಮೀಪಿಸಿದವರಿಗೆ ಅಲ್ಲಲ್ಲಿ ನರೆಯ ಎಳೆ ಇರುವುದು ಸಹಜ. ಅಂಗಡಿಯ ದೀಪದಲ್ಲಿ ನೋಡಿ ತೀರ್ಮಾನಿಸದೆ ಬಾಗಿಲಿಗೆ ಬಂದು ಹಗಲಿನ ಬೆಳಕಿನಲ್ಲಿ ನೋಡಿ.

ನಮ್ಮ ಮನೆಗಳ ಸ್ತ್ರೀಯರು ಹಣೆಗೆ ವಿಭೂತಿ, ಕುಂಕುಮ ಧರಿಸುವವರು. ಹಣೆಯನ್ನೆಲ್ಲ ಮುಚ್ಚುವ ಮುಂಗೂದಲು ಅದಕ್ಕೆ ಅಡ್ಡಿ. ಓರೆಯಾಗಿ ಒಂದು ಬದಿಗೆ ಸರಿದ ಮುಂಗೂದಲಿದ್ದರೆ ಗೆರೆಯೂ ಮುಚ್ಚುತ್ತದೆ, ಹಣೆಗೂ ಜಾಗ ಉಳಿಯುತ್ತದೆ. ಮೊದಲು ವಿಭೂತಿ ಧರಿಸಿ, ಅದು ಒಣಗಿದ ಮೇಲೆ ವಿಗ್ಗು ಹಾಕಿಕೊಳ್ಳಿ. ತಲೆಯ ಮೇಲೆ ಸೆರಗು ಹೊದೆಯುವವರು ಗಮನಿಸಬೇಕಾದುದೂ ಇದೆ: ಭಾರದ ರೇಷ್ಮೆಯ ಸೆರಗು ನೆತ್ತಿಯ ಉಬ್ಬನ್ನು ಒತ್ತಿಬಿಡುತ್ತದೆ. ಸೆರಗಿಗೂ ವಿಗ್ಗಿಗೂ ಸೇರಿಸಿ ಪಿನ್ನು ಸಿಕ್ಕಿಸಿದರೆ ಸೆರಗು ಜಗ್ಗಿದಾಗ ವಿಗ್ಗೂ ಜೊತೆಗೆ ಬರುತ್ತದೆ. ಹಗುರವಾದ ಸೆರಗನ್ನು ಹೆಗಲಿನ ಬಳಿ ಪಿನ್ನು ಮಾಡಿ, ನೆತ್ತಿಯ ಮೇಲೆ ಸಡಿಲವಾಗಿ ಬಿಡುವುದು ಲೇಸು.

ಆರನೆಯದು ಎಚ್ಚರಿಕೆ. ಸಾಮಾನ್ಯ ಕೃತಕ ಎಳೆಗೆ ಬಿಸಿ ಪರಮಶತ್ರು. ನನ್ನ ತಂಗಿ ಒಂದು ದಿನ ಮರೆತು ವಿಗ್ಗು ಧರಿಸಿಯೇ ಜೋಳದ ರೊಟ್ಟಿ ಬಡಿದು ಹಂಚಿಗೆ ಹಾಕಲು ಬಾಗಿದಳು. ಬೆಂಕಿ ತಾಗಲಿಲ್ಲ, ಹಂಚಿನ ಝಳವಷ್ಟೇ ತಾಗಿತು. ಮುಂಗೂದಲು ಕರಕಲಾದಂತೆ ಮುದುರಿ ಹೋಯಿತು. ಅದನ್ನು ಸರಿಪಡಿಸುವ ಉಪಾಯವಿಲ್ಲ. ಒಲೆಯ ಮುಂದೆ, ಕುದಿಯುವ ಪಾತ್ರೆಯ ಮುಚ್ಚಳ ತೆಗೆಯುವಾಗ ಅದನ್ನು ಕಳಚಿ ಹತ್ತಿಯ ವಸ್ತ್ರ ಕಟ್ಟಿಕೊಳ್ಳಿ. ಮದುವೆಯಲ್ಲಿ ಮಗ-ಸೊಸೆಗೆ ಆರತಿ ಎತ್ತುವಾಗ ತಟ್ಟೆಯನ್ನು ಮುಖದಿಂದ ದೂರ ಹಿಡಿಯಿರಿ. ಏಳೆಂಟು ಸಲ ಧರಿಸಿದ ಮೇಲೊಮ್ಮೆ, ಬೇಸಿಗೆಯಲ್ಲಿ ಇನ್ನೂ ಬೇಗ, ತಣ್ಣೀರಿನಲ್ಲಿ ಮೃದುವಾದ ಶಾಂಪೂ ಕಲಸಿ ಅದ್ದಿ ತೆಗೆಯಿರಿ; ತಿಕ್ಕಬೇಡಿ, ಹಿಂಡಬೇಡಿ. ಟವೆಲಿನಲ್ಲಿ ಒತ್ತಿ ನೀರು ತೆಗೆದು ನೆರಳಿನಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆಯೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸುತ್ತ ಬನ್ನಿ. ತಲೆಯಲ್ಲಿ ಗಾಯ, ಗುಳ್ಳೆ, ಉರಿ ಕಂಡರೆ ವಿಗ್ಗನ್ನು ಬದಿಗಿಟ್ಟು ವೈದ್ಯರಿಗೆ ತೋರಿಸಿ.

ಇನ್ನು ಮನೆಯ ಹಿರಿಯರಿಗೆ ಒಂದು ಮಾತು. ತಾಯಿ, ನಿಮ್ಮ ಸೊಸೆಯ ಕೂದಲು ಬೀಗರಿಗೆ ಗೊತ್ತಾಗಬಾರದೆಂಬ ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಹೊಸದಾಗಿ ಬರುವ ಹುಡುಗಿ ನಾಳೆ ಅದೇ ಮನೆಯಲ್ಲಿ ಇರುವವಳು. ಅತ್ತೆಯ ಕಾಯಿಲೆಯನ್ನು ಮುಚ್ಚಿಟ್ಟು ಆರಂಭವಾಗುವ ನಂಟಿಗಿಂತ, ತಿಳಿದು ಕೈಹಿಡಿಯುವ ನಂಟು ಗಟ್ಟಿ. ಬೀಗರಿಗೆ ಮದುವೆಗೆ ಮುಂಚೆಯೇ ಹೇಳಿಬಿಡಿ. ಆಮೇಲೆ ವಿಗ್ಗು ಗುಟ್ಟು ಕಾಯುವ ಕೆಲಸದಿಂದ ಬಿಡುಗಡೆಯಾಗಿ, ಅಲಂಕಾರದ ಕೆಲಸವನ್ನಷ್ಟೇ ಮಾಡುತ್ತದೆ. ಜಾರಿದರೂ ನಕ್ಕು ಸರಿಪಡಿಸಿಕೊಳ್ಳಬಹುದು. ಯಜಮಾನರಿಗೂ ಒಂದು ಬಿನ್ನಹ: "ಸೆರಗು ಹೊದ್ದು ಕುಳಿತರೆ ಸಾಕು" ಎಂಬುದು ಪ್ರೀತಿಯಿಂದ ಬಂದ ಮಾತೇ ಇರಬಹುದು. ಆದರೂ ಆ ದಿನ ಕುಳಿತಿರಬೇಕಾದವಳಲ್ಲ ಆಕೆ. ಮಗನ ಮದುವೆಯಲ್ಲಿ ಓಡಾಡಬೇಕಾದ ತಾಯಿ. ಅಂಗಡಿಗೆ ನೀವೇ ಕರೆದುಕೊಂಡು ಹೋಗಿ, ನಾಲ್ಕು ವಿಗ್ಗು ಹಾಕಿ ನೋಡುವವರೆಗೆ ಬೇಸರಿಸದೆ ಕುಳಿತುಕೊಳ್ಳಿ.

ಪತ್ರ ಬರೆದ ಸಹೋದರಿಗೆ ಕೊನೆಯ ಮಾತು. ಮದುವೆಗೆ ಒಂದು ತಿಂಗಳು ಮುಂಚೆಯೇ ಕೊಂಡು, ದಿನಕ್ಕೆ ಒಂದೆರಡು ಗಂಟೆ ಮನೆಯಲ್ಲಿ ಧರಿಸಿ ಅಭ್ಯಾಸ ಮಾಡಿಕೊಳ್ಳಿ. ಮೊದಲ ದಿನ ಕನ್ನಡಿಯಲ್ಲಿ ಯಾರೋ ಬೇರೆಯವರು ಕಂಡಂತಾಗುತ್ತದೆ. ವಾರ ಕಳೆಯುವಷ್ಟರಲ್ಲಿ ನೀವೇ ಕಾಣುತ್ತೀರಿ. ನನ್ನ ತಂಗಿಯ ಕೂದಲು ಮರಳಿ ಬಂದಾಗ ಮೊದಲಿನಂತೆ ನೇರವಾಗಿರದೆ ಗುಂಗುರು ಗುಂಗುರಾಗಿತ್ತು. ಹಾಗಾಗುವುದು ಅಪರೂಪವಲ್ಲ. ಆಕೆ ಅದನ್ನು ಉದ್ದ ಬಿಡಲೇ ಇಲ್ಲ. ಇಂದಿಗೂ ಕುತ್ತಿಗೆಯವರೆಗೆ ಕತ್ತರಿಸಿಕೊಳ್ಳುತ್ತಾಳೆ. ವಿಗ್ಗನ್ನು ತೊಳೆದು, ಮಡಿಸದೆ, ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ಬೇಕಾದವರು ಯಾರಾದರೂ ಕೇಳಿದರೆ ಹಾಕಿ ನೋಡಲು ಕೊಡುತ್ತಾಳೆ. ಮುದುರಿದ ಮುಂಗೂದಲನ್ನು ತೋರಿಸಿ ರೊಟ್ಟಿಯ ಕತೆಯನ್ನೂ ಹೇಳುತ್ತಾಳೆ.

ಮಗನ ಮದುವೆ ಚೆನ್ನಾಗಿ ನೆರವೇರಲಿ. ನಿಮ್ಮ ಆರೋಗ್ಯ ಮರಳಲಿ. ಶರಣು ಶರಣಾರ್ಥಿ.